ಯಾರ ಹಂಗೂ ಬೇಡ ಅಂತ ಕೋಗಿಲಿಗೆ ಹೋದದ್ದು

ನಗಬೇಡಿ ಸ್ವಾಮಿ, ಕೋಗಿಲು ಹಳ್ಳಿಯ ಕುಂಬಳಕಾಯಿ ಅಷ್ಟು ದೊಡ್ಡದಿತ್ತು ಅಂದರೆ ಇತ್ತು! ಒಂದನ್ನು ಹೆಚ್ಚಿದಾಗ ಒಳಗಿನಿಂದ ಕೋಳಿಯೊಂದು ಮರಿಗಳ ಸಮೇತ ಎದ್ದು ಬಂತು. (ಮರಿ ಎಷ್ಟಿದ್ದವು ಅಂತ ಕೇಳಬೇಡಿ, ನಾನು ಸುಳ್ಳು ಹೇಳುವವನಲ್ಲ.) ಐವತ್ತಾರನೇ ಇಸವಿಯ ಮಾತು. ಆಗ ಹೆಬ್ಬಾಳದ ಕೆರೆ ಏರಿ ದಾಟಿದರೆ ನರಿಗಳದೇ ಸಾಮ್ರಾಜ್ಯ.

ಅಲ್ಲಿಗೇಕೆ ಹೋದೆ ಅಂತೀರಾ? ಸ್ವಾವಲಂಬನೆ! ಯಶವಂತಪುರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಒಂದು ದಿನ ಅತ್ತಿಗೆ ದೊಡ್ಡಮುನಿಯಮ್ಮನನ್ನು ಕುಡಿಯುವ ನೀರು ಕೇಳಿದೆ.

"ಇಪ್ಪತ್ತಾರು ವರ್ಷ ಆಯ್ತು ಕಣಪ್ಪಾ ನಿಂಗೆ. ಗಡಿಗೆ ಎಲ್ಲೈತೆ ಅಂತ ಇನ್ನೂ ಗೊತ್ತಿಲ್ವಾ?"

ನನ್ನ ಆತ್ಮಗೌರವ ಭುಗಿಲೆಂದಿತು. "ಇನ್ಮೇಲೆ ಯಾರ ಹಂಗೂ ಬೇಡ! ಉಪ್ಪೊಂದು ಬಿಟ್ಟು ಎಲ್ಲಾ ಸಿಗೋ ಹಳ್ಳಿ ಹುಡುಕ್ತೀನಿ. ಒಬ್ನೇ ಬೆಳ್ಕೊಂಡು, ಒಬ್ನೇ ಬೇಯಿಸ್ಕೊಂಡು ಇರ್ತೀನಿ. ಸೋತು ಬಂದ್ರೆ ದಿನಾ ನಿಮ್ಮ ಮುಸುರೆ ಪಾತ್ರೆ ಉಜ್ತೀನಿ!"

ಅತ್ತಿಗೆ ತಣ್ಣಗೆ ಅಂದರು: "ಕೋಗಿಲಲ್ಲಿ ನಮ್ ಪಿಳ್ಳಣ್ಣಮಾವ ಅವ್ರೆ, ಮೊದ್ಲು ಅಲ್ ನೋಡು. ಗುರುವಾರ ಹೋಗು. ಒಗೆದ ಪಂಚೆ ಉಟ್ಕೊಂಡೋಗು."

ಸ್ವಾವಲಂಬನೆಗೆ ಒಗೆದ ಪಂಚೆ ಏಕೆಂದು ನನ್ನ ಮಹಾಬುದ್ಧಿಗೆ ಹೊಳೆಯಲಿಲ್ಲ.

ಬಾಡಿಗೆ ಸೈಕಲ್ ತುಳಿದು ಹೋದೆ. ಪಿಳ್ಳಣ್ಣನವರ ಜಗಲಿ ಮೇಲೆ ಕೂತು ಸಮೀಕ್ಷೆ ಶುರು ಮಾಡಿದೆ. ಹಸು ಎಷ್ಟು? ಬಾವಿ ಬೇಸಿಗೆಯಲ್ಲಿ ಬತ್ತುತ್ತದೆಯೇ? ನೆಲದಡಿಯ ಹಗೇವಿನಲ್ಲಿರುವ ರಾಗಿ ಎಷ್ಟು ವರ್ಷಕ್ಕೆ ಸಾಕು? ಮನೆಯಲ್ಲಿ ಯಾರಿಗಾದರೂ ಕಾಯಿಲೆ ಕಸಾಲೆ? (ನೀರು ಹೇಗಿದೆ ಅಂತ ತಿಳಿಯಬೇಕಲ್ಲ!)

"ಕೇಳಿ, ಕೇಳಿ, ಕೇಳ್ಬೇಕಾದ್ದೇ" ಎಂದು ಪಿಳ್ಳಣ್ಣ ಕೈಮುಗಿದು ಉತ್ತರಿಸಿದರು. ಅಷ್ಟರಲ್ಲಿ ಅವರ ಮಗಳು ಲಕ್ಕಮ್ಮ ನೀರು ತಂದಿಟ್ಟಳು. ಆಮೇಲೆ ಎಲೆ ಹಾಕಿದರು. ಮುದ್ದೆ, ಅವರೆಕಾಳಿನ ಸಾರು. ಸೈಕಲ್ ತುಳಿದ ಹಸಿವು, ಮೂರು ಮುದ್ದೆ ಇಳಿಸಿದೆ.

ಕೈ ತೊಳೆಯುವ ಮೊದಲೇ ಒಳಗೆ ಹೆಂಗಸರು ಸೋಬಾನೆ ಎತ್ತಿದರು! ಪಿಳ್ಳಣ್ಣ ಕಣ್ಣೊರೆಸಿಕೊಂಡರು. "ಒಪ್ಗೆ ಇಲ್ದೆ ಗಂಡಿನ ಕಡೆಯೋರು ಹೆಣ್ಣಿನ ಮನೇಲಿ ಉಣ್ಣಲ್ಲ. ನೀವು ಮೂರು ಮುದ್ದೆ ಉಂಡ್ರಿ. ಇನ್ನೇನ್ ಮಾತೈತೆ ಅಳಿಯಂದ್ರೆ!"

"ಅಯ್ಯೋ, ನಾನು ಬಂದಿದ್ದು ಒಬ್ನೇ ಇರೋಕೆ ಜಾಗ ನೋಡೋಕೆ!"

"ಇಂಗೇ ಅಂತಾರೆ ಅಂತ ನಿಮ್ಮತ್ತಿಗೆ ಮೊದ್ಲೇ ಹೇಳಿ ಕಳ್ಸವ್ರೆ. ಹುಡುಗಂಗೆ ನಾಚ್ಕೆ ಜಾಸ್ತಿಯಂತೆ."

ಬಾಗಿಲ ಹಿಂದಿನಿಂದ ಲಕ್ಕಮ್ಮನ ದನಿ: "ಬ್ಯಾಡ ಅಂದ್ರೆ ಓಗ್ಲಿ ಬಿಡಪ್ಪಾ. ಆ ಮೂರು ಮುದ್ದೆ ಮಾತ್ರ ಇಲ್ಲೇ ಇಟ್ಟೋಗ್ಲಿ."

ಆ ದನಿಯ ಹಿಂದಿದ್ದ ನಗು ಕೇಳಿ, ನನ್ನ ಸ್ವಾವಲಂಬನೆ ಅಲ್ಲೇ ಪ್ರಾಣ ಬಿಟ್ಟಿತು.

ಹಾಗಂತ ನಾನು ಸೋತೆ ಅಂದುಕೊಳ್ಳಬೇಡಿ. ಅತ್ತಿಗೆಯ ಮುಸುರೆ ಒಂದು ದಿನವೂ ಉಜ್ಜಲಿಲ್ಲ! ಆ ಕೋಳಿಮರಿಗಳ ವಿಷಯಕ್ಕೆ ಬಂದರೆ...

"ಏನ್ರೀ, ಕುಂಬಳಕಾಯಿ ಪುರಾಣ ಮುಗೀತಾ? ಮುದ್ದೆ ಆರೋಗ್ತೈತೆ ಬನ್ನಿ. ಬರ್ತಾ ಒಂದ್ ಚೆಂಬು ನೀರು ತಗೊಂಬನ್ನಿ."

"ಬಂದೆ ಬಂದೆ! ಲಕ್ಕೀ... ಗಡಿಗೆ ಎಲ್ಲೈತೆ?"