ನೀವು ನಿಂತಿರೋದೇ ಹೊಳೆ

ಮೂವತ್ತು ವರ್ಷ ದೊಡ್ಡಬಳ್ಳಾಪುರದಲ್ಲಿ ಸೀರೆ ಅಂಗಡಿ ನಡೆಸಿದವನು ನಾನು. ಜಗಳವನ್ನು ಹುಡುಕಿಕೊಂಡು ಹೋದವನಲ್ಲ, ಅದೇ ನನ್ನ ವಿಳಾಸ ಕೇಳಿಕೊಂಡು ಬರುತ್ತೆ. ಈಗ ಅಂಗಡಿಯನ್ನು ನಮ್ಮನೆಯವಳು ನೋಡಿಕೊಳ್ಳುತ್ತಾಳೆ, ನನಗಿಂತ ಚೆನ್ನಾಗಿಯೇ. ನಾನು ಭಾನುವಾರಗಳಲ್ಲಿ ಬೆಂಗಳೂರಿನಿಂದ ಬರುವ ಹತ್ತು ಹನ್ನೆರಡು ಜನಕ್ಕೆ ನಮ್ಮ ಸೀಮೆ ತೋರಿಸುತ್ತೇನೆ. ಬೆಳಗ್ಗೆ ಮಾಕಳಿ ಬೆಟ್ಟ, ಅಲ್ಲಿಂದ ಅರ್ಕಾವತಿ ಹೊಳೆ, ಮಧ್ಯಾಹ್ನ ಮುದ್ದೆ ಊಟ, ಆಮೇಲೆ ನೇಕಾರರ ಬೀದಿ. 'ಬೆಟ್ಟ, ಹೊಳೆ, ಮಗ್ಗ' ಅಂತ ಈ ಪ್ರವಾಸಕ್ಕೆ ಹೆಸರು. ಜನರನ್ನು ಕಳಿಸುವವನು ಬೆಂಗಳೂರಿನ ಒಬ್ಬ ಏಜೆಂಟು.

ಬೆಟ್ಟಕ್ಕೆ ಯಾರ ತಕರಾರೂ ಇಲ್ಲ. ಮಗ್ಗಕ್ಕೂ ಇಲ್ಲ. ನಾನು ಇಲ್ಲಿಯ ತನಕ ಆಡಿದ ಜಗಳವೆಲ್ಲ ನಡುವಿನ ಆ ಎರಡಕ್ಷರಕ್ಕೆ.

೧. ಪ್ಯಾಂಟು ಎತ್ತಿದ್ದು

ಮೊದಲನೇ ಪ್ರವಾಸ. ಬೆಟ್ಟ ಇಳಿಸಿ, ವ್ಯಾನಿನಲ್ಲಿ ಕರೆತಂದು, ಎಲ್ಲರನ್ನೂ ಮರಳಿನ ಮೇಲೆ ನಿಲ್ಲಿಸಿದೆ. ಸುತ್ತ ಹೊಂಗೆಮರ, ಒಂದಿಷ್ಟು ಲಾಂಟಾನ, ಯಾರೋ ಎಸೆದುಹೋದ ಹಳೇ ಟೈರು. ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ ಹೇಗೆ ಹರಿದು ಬರುತ್ತೆ, ಯಾವ ಕೆರೆ ತುಂಬಿಸುತ್ತೆ ಅಂತ ಕೈಯೆತ್ತಿ ತೋರಿಸುತ್ತಾ ಹತ್ತು ನಿಮಿಷ ಹೇಳಿದೆ. ಎಲ್ಲರೂ ತಲೆದೂಗಿದರು. ಕೊನೆಗೆ ತಂಪು ಕನ್ನಡಕದ ಒಬ್ಬ ಹೆಂಗಸು ಕೇಳಿದರು.

"ತುಂಬಾ ಚೆನ್ನಾಗಿ ಹೇಳಿದ್ರಿ ಸಾರ್. ಈಗ ಹೊಳೆ ಹತ್ರ ಹೋಗೋಣ್ವಾ?"

"ಬಂದಾಯ್ತಲ್ಲಮ್ಮ."

"ಎಲ್ಲಿದೆ?"

"ನೀವು ನಿಂತಿರೋದೇ ಹೊಳೆ."

ಆಯಮ್ಮ 'ಅಯ್ಯೋ' ಅಂದವರೇ ಎರಡೂ ಕೈಯಲ್ಲಿ ಪ್ಯಾಂಟು ಮೊಣಕಾಲಿನವರೆಗೂ ಎತ್ತಿಕೊಂಡರು.

೨. ಯುಪಿಎಸ್ ಇರುವ ಜಲಪಾತ

ಸೋಮವಾರ ಏಜೆಂಟಿನ ಫೋನು. ಅವನು ನನ್ನನ್ನು ಅಂಕಲ್ ಅನ್ನುತ್ತಾನೆ. ನನ್ನ ವ್ಯಾಪಾರದ ಅನುಭವದಲ್ಲಿ, ಅಂಕಲ್ ಅಂದವರೆಲ್ಲ ಏನೋ ಒಂದನ್ನು ಕಡಿಮೆ ಮಾಡಿಸಲಿಕ್ಕೇ ಬಂದವರು.

"ಅಂಕಲ್, ಒಬ್ಬರು ರಿವ್ಯೂ ಬರೆದಿದ್ದಾರೆ. ಓದ್ತೀನಿ ಕೇಳಿ. 'ಬೆಟ್ಟ ಇತ್ತು. ಮಗ್ಗ ಇತ್ತು. ಹೊಳೆ ಇರಲಿಲ್ಲ. ಗೈಡು ವಾದ ಮಾಡ್ತಾರೆ.'"

"ಕೊನೇದು ನಿಜ," ಅಂದೆ.

"ಹೊಳೆ ತೆಗೆದುಬಿಡೋಣ ಅಂಕಲ್."

"ಎಲ್ಲಿಂದ?"

"ಲಿಸ್ಟಿಂದ. ಅದರ ಬದಲು ಹೈವೇ ಪಕ್ಕ ಒಂದು ಕೆಫೆ ಆಗಿದೆ. ಅಲ್ಲಿ ಜಲಪಾತ ಮಾಡಿದ್ದಾರೆ. ಬಟನ್ ಒತ್ತಿದ್ರೆ ಸುರಿಯುತ್ತೆ. ಜನ ಫೋಟೋಗೆ ಸಾಯ್ತಾರೆ."

ನಾನು ಕಣ್ಣೀರು ಹಾಕುವ ಪೈಕಿ ಅಲ್ಲ. ಹೊಳೆಗೆ ಕೈಮುಗಿದು ಹಾಡು ಹೇಳುವವನೂ ಅಲ್ಲ. ಆದರೆ ಸರಕಿನ ವಿಷಯ ಗೊತ್ತು. ಪಟ್ಟಿಯಿಂದ ಹೆಸರು ಬಿಟ್ಟುಹೋದ ಸೀರೆ ಆರು ತಿಂಗಳಲ್ಲಿ ಬೀರುವಿನಿಂದಲೂ ಮಾಯವಾಗುತ್ತೆ. ಕೇಳಿದರೆ, 'ಅಂಥದ್ದು ನಮ್ಮಲ್ಲಿ ಇರಲೇ ಇಲ್ವಲ್ಲ' ಅಂತಾರೆ. ಆ ಹೊಳೆ ದಂಡೆಯಲ್ಲಿ ಆಗಲೇ ಯಾರೋ ಸುಣ್ಣ ಬಳಿದ ಸೈಟು ಕಲ್ಲು ನೆಟ್ಟಿದ್ದಾರೆ. ಪ್ರತಿ ಭಾನುವಾರ ಹನ್ನೆರಡು ಜನ ಬಂದು 'ಇದು ಹೊಳೆ' ಅಂತ ಫೋಟೋ ತೆಗೆದುಕೊಂಡು ಹೋಗುತ್ತಿದ್ದರೆ ಆ ಕಲ್ಲು ಅಲ್ಲೇ ನಿಲ್ಲುತ್ತೆ. ಜನ ಬರೋದು ನಿಂತರೆ ಕಲ್ಲು ಹೊಳೆಯೊಳಕ್ಕೆ ನಡೆಯೋಕೆ ಶುರು ಮಾಡುತ್ತೆ.

"ಹೊಳೆ ತೆಗೆದರೆ ನಾನೂ ಇಲ್ಲ. ಬೇರೆ ಗೈಡು ನೋಡ್ಕೊಳ್ಳಿ," ಅಂದೆ.

ಅವನು ಸ್ವಲ್ಪ ಯೋಚಿಸಿದ. "ಸರಿ. ಇನ್ನೆರಡು ಟ್ರಿಪ್ಪು ನೋಡ್ತೀನಿ. ಹೊಳೆ ಬಗ್ಗೆ ಇನ್ನೊಂದು ಕಂಪ್ಲೇಂಟ್ ಬಂದ್ರೆ ಕಟ್."

"ಆಗಲಿ. ಅಲ್ಲಾ ಸ್ವಾಮಿ, ಆ ಕೆಫೆಯೋರ ಜಲಪಾತ ಕರೆಂಟು ಹೋದ್ರೆ ಏನು ಮಾಡುತ್ತೆ?"

"ಯುಪಿಎಸ್ ಇದೆ ಅಂಕಲ್."

ನೋಡಿ, ನಮ್ಮ ಹೊಳೆಯಲ್ಲಿ ಅದೊಂದು ಕೊರತೆ.

೩. ಮೇಲೆ ಏನಿದೆ

ಮುಂದಿನ ಪ್ರವಾಸಕ್ಕೆ ಒಬ್ಬರು ಬಂದರು. ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುವವರು. ಬೆಟ್ಟದ ಅರ್ಧಕ್ಕೆ ಉಸಿರು ಕಟ್ಟಿ ಬಂಡೆಗೆ ಒರಗಿದರು. ಎದುರಿಗೆ ಮೇಕೆ ಹೊಡೆದುಕೊಂಡು ಒಬ್ಬ ಅಜ್ಜಿ ಇಳಿದು ಬರುತ್ತಿದ್ದಳು.

"ಅಜ್ಜೀ, ಮೇಲಕ್ಕೆ ಇನ್ನೆಷ್ಟು ದೂರ?"

"ಯಾಕ್ ಮಗಾ, ಮೇಕೆ ತಪ್ಪಿಸ್ಕೊಂಡೈತಾ?"

"ಇಲ್ಲಜ್ಜಿ, ಸುಮ್ನೆ ಹತ್ತೋಕೆ."

"ಸುಮ್ನೆ ಹತ್ತಿ?"

"ಇಳೀತೀವಿ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದಳು. "ಮನೇಲಿ ಹೇಳೋರು ಕೇಳೋರು ಯಾರೂ ಇಲ್ವೇನಪ್ಪಾ ಇವ್ರಿಗೆ?"

ಆದರೂ ಹತ್ತಿದರು. ತುದಿಯಲ್ಲಿ ನಿಂತು ನಾನು ದೂರದ ಹಸಿರು ಗೆರೆ ತೋರಿಸಿದೆ. ಹೊಲಗಳ ನಡುವೆ ಸೊಟ್ಟಸೊಟ್ಟಗೆ ಹೋಗುವ ಮರಗಳ ಸಾಲು, ಅದೇ ಹೊಳೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮೊಬೈಲು ತೆಗೆದು ನಕ್ಷೆ ನೋಡಿದರು. ಅಲ್ಲಿ ನೀಲಿ ಬಣ್ಣದಲ್ಲಿ ಜುಳುಜುಳು ಅಂತಿತ್ತು.

"ಇದೆ! ಸಾರ್ ಹೇಳಿದ್ದು ನಿಜ! ಮೊಬೈಲಲ್ಲಿ ಇದೆ!"

ಕೆಳಗಿಳಿದ ಮೇಲೆ ಅವರೇ ಮುಂದೆ ನಡೆದರು. ಮೊಬೈಲು ನೋಡಿಕೊಂಡು ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಹಾಕಿ, "ಈಗ ನಾನು ಕರೆಕ್ಟಾಗಿ ನೀರೊಳಗಿದ್ದೀನಿ" ಅಂದರು. ಮಿಕ್ಕವರೂ ಒಬ್ಬೊಬ್ಬರಾಗಿ ಆ ಜಾಗದಲ್ಲಿ ನಿಂತು, ಒಣ ಮರಳಲ್ಲಿ ಒದ್ದೆಯಾದ ಸಂತೋಷಪಟ್ಟರು. ಕಂಪ್ಲೇಂಟು ಬರಲಿಲ್ಲ. ಒಂದು ಟ್ರಿಪ್ಪು ಗೆದ್ದೆ.

೪. ಸಾಕ್ಷಿ

ಎರಡನೆಯದರಲ್ಲಿ ಒಬ್ಬರು ನಿವೃತ್ತ ಅಧಿಕಾರಿ ಇದ್ದರು. ಯಾವ ಇಲಾಖೆಯೋ ಕೇಳಲಿಲ್ಲ. ಪ್ರಶ್ನೆ ಕೇಳುವ ಧಾಟಿಯಲ್ಲೇ ದೊಡ್ಡ ಕುರ್ಚಿ ಕಾಣುತ್ತಿತ್ತು. ಹೊಳೆಯಲ್ಲಿ ಏನೂ ಮಾತಾಡಲಿಲ್ಲ. ನೇಕಾರರ ಬೀದಿಗೆ ಬಂದ ಮೇಲೆ, ಒಂದು ಮನೆಯ ಪವರ್‌ಲೂಮಿನ ಮುಂದೆ ನಿಂತು, ಆ ಲಟಪಟ ಸದ್ದಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಕೂಗಿದರು. "ಅದು ಹೊಳೆ ಅನ್ನೋದಕ್ಕೆ ಸಾಕ್ಷಿ ಏನ್ರೀ? ನಾನು ರಿವ್ಯೂನಲ್ಲಿ ಬರೆದು ಹಾಕ್ತೀನಿ!"

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಗಪ್ ಆಯಿತು. ಗುಂಪಿನಲ್ಲಿದ್ದ ಒಬ್ಬಳು ಹುಡುಗಿ ಕಣ್ಣುಮುಚ್ಚಿ, "ವಾವ್, ಎಷ್ಟು ಪ್ರಶಾಂತ!" ಅಂದಳು.

ಮಗ್ಗದ ಮುಂದಿದ್ದ ನೇಕಾರರ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೌದು ಕಣಮ್ಮ. ಇನ್ನೆರಡು ಗಂಟೆ ಹಿಂಗೇ ಇದ್ರೆ ನಮ್ಮ ಒಲೇನೂ ಪ್ರಶಾಂತ."

ಈಕೆ ನನಗೆ ಹಳೇ ಪರಿಚಯ, ಬಾಯಿ ಚುರುಕು. ಸಾಕ್ಷಿಗೆ ಇವಳೇ ಸರಿ ಅಂದುಕೊಂಡೆ. "ತಾಯಿ, ಇವ್ರಿಗೆ ಸ್ವಲ್ಪ ಹೇಳು. ನಮ್ಮೂರ ಹೊಳೇಲಿ ನೀರು ಹರಿಯೋದು ನೀನು ನೋಡಿದ್ದೀಯೋ ಇಲ್ವೋ?"

"ನೋಡಿದ್ದೀನಾ? ಮದುವೆಯಾಗಿ ಬಂದ ಹೊಸದ್ರಲ್ಲಿ ಅಲ್ಲೇ ಬಟ್ಟೆ ಒಗೀತಿದ್ದೆ. ಮೊಣಕಾಲುದ್ದ ನೀರು."

ನಾನು ಅಧಿಕಾರಿಗಳ ಕಡೆ ಎದೆಯುಬ್ಬಿಸಿ ನೋಡಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು ಅವಳು.

"ಒಂದಿನ ಈ ಅಣ್ಣನ ಅಂಗಡೀಲಿ ತಂದ ಮೆರೂನ್ ಸೀರೆ ಅದ್ದಿದೆ ಸಾರ್. ಹೊಳೆಗೆ ಹೊಳೇನೇ ಕೆಂಪಾಯ್ತು. ಕೆಳಗಡೆ ಒಗೀತಿದ್ದೋರು ಮೇಲೆ ಯಾರನ್ನೋ ಕಡಿದವ್ರೆ ಅಂತ ಕಿರುಚ್ಕೊಂಡು ಓಡಿಬಂದ್ರು!"

ಅಧಿಕಾರಿಗಳು ಮೊದಲ ಸಲ ನಕ್ಕರು. ಮರುದಿನ ರಿವ್ಯೂ ಬಂತು. 'ಹೊಳೆ ಇದ್ದದ್ದು ಖಚಿತ. ಸೀರೆ ಮಾತ್ರ ಗೈಡಿನ ಅಂಗಡಿಯಲ್ಲಿ ಕೊಳ್ಳಬೇಡಿ.'

೫. ಲೊಕೇಶನ್

ಇದು ಹೊಳೆಯ ಮೇಲಿನ ಕಂಪ್ಲೇಂಟೋ ಅಂಗಡಿಯ ಮೇಲಿನದೋ ಅಂತ ಏಜೆಂಟು ಎರಡು ದಿನ ತಲೆ ಕೆಡಿಸಿಕೊಂಡ. ಕೊನೆಗೆ, "ಈ ಭಾನುವಾರ ನಾನೇ ಬರ್ತೀನಿ. ಕಣ್ಣಾರೆ ನೋಡಿ ತೀರ್ಮಾನ ಮಾಡ್ತೀನಿ" ಅಂದ.

ಆ ವಾರ ಬೆಟ್ಟದ ಕಡೆ ಮಳೆ ಹೊಡೆದಿತ್ತು. ಜಾರುತ್ತೆ ಅಂತ ಬೆಟ್ಟ ಬಿಟ್ಟು, ಗುಂಪನ್ನು ನೇರ ಹೊಳೆಗೇ ಕರೆತಂದಿದ್ದೆ. ದಂಡೆಯ ಮೇಲೆ ಇಡ್ಲಿ ಚಟ್ನಿ ನಡೆದಿತ್ತು. ಏಜೆಂಟು ತನ್ನ ಹೊಸ ಬಿಳೀ ಕಾರಿನಲ್ಲಿ ಬಂದವನೇ, ದಂಡೆ ಇಳಿಸಿ, ಹೊಳೆಯ ನಡುವೆ ಹೊಂಗೆಮರದ ನೆರಳಲ್ಲಿ ನಿಲ್ಲಿಸಿದ.

"ಸ್ವಾಮಿ, ಅಲ್ಲಿ ಬೇಡ, ಅದು ಹೊಳೆ," ಅಂದೆ.

"ಯಾವ ಹೊಳೆ ಅಂಕಲ್?" ನಕ್ಕ.

"ಮೇಲಿನ ಕೆರೆ ಕೋಡಿ ಬೀಳೋ ಹಂಗಿದೆ ಅಂತ ಹಾಲಿನವನು ಹೇಳಿದ. ಮೇಲಕ್ಕೆ ತಗೊಂಬನ್ನಿ."

"ಅಂಕಲ್, ಇಲ್ಲಿ ನೀರು ಬಂದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ."

ಗಿರಾಕಿಗೆ ನಾನು ಎರಡು ಸಲ ಹೇಳುತ್ತೇನೆ. ಮೂರನೇ ಸಲ ಹೇಳುವ ಅಭ್ಯಾಸ ಇಲ್ಲ. ಅವನು ಎಲ್ಲರ ಎದುರಿಗೇ ಮೊಬೈಲು ತೆಗೆದು, ಪ್ರವಾಸದ ಪಟ್ಟಿಯಲ್ಲಿ ಹೊಳೆಯನ್ನು ಅಳಿಸಿ, ನನಗೆ ತೋರಿಸಿದ. 'ಬೆಟ್ಟ, ಮಗ್ಗ.' ಆಮೇಲೆ ಇಡ್ಲಿಗೆ ಕೂತ.

ಎರಡನೇ ಇಡ್ಲಿ ಮುರಿಯುವಾಗ ಸರಸರ ಸದ್ದು ಕೇಳಿಸಿತು. ಮೊದಲು ತರಗೆಲೆ ಬಂತು. ಹಿಂದೆಯೇ ಪ್ಲಾಸ್ಟಿಕ್ ಬಾಟಲಿ, ಒಂದು ಒಂಟಿ ಚಪ್ಪಲಿ, ಅದರ ಹಿಂದೆ ಕೆಂಪು ನೀರು. ನೋಡನೋಡುತ್ತಿದ್ದಂತೆ ಕಾರಿನ ಚಕ್ರದ ಅರ್ಧಕ್ಕೆ ಬಂತು. ನಮ್ಮ ಹನ್ನೆರಡು ಜನ ಇಡ್ಲಿ ಬಿಟ್ಟು ಶಿಳ್ಳೆ ಹೊಡೆದರು. ಏಜೆಂಟು ಒಬ್ಬನೇ "ನನ್ ಗಾಡಿ, ನನ್ ಗಾಡಿ" ಅಂತ ಓಡಿ, ಹತ್ತಿ, ಸ್ಟಾರ್ಟ್ ಮಾಡಿ, ಚಕ್ರವನ್ನು ಮರಳಲ್ಲಿ ಇನ್ನಷ್ಟು ಹೂತು, ಇಳಿದು ಬಂದ. ಕ್ರೇನಿನವನಿಗೆ ಫೋನು ಹಚ್ಚಿದ. ಅವಸರಕ್ಕೆ ಬೆರಳು ತಾಗಿ ಸ್ಪೀಕರು ಆನ್ ಆಯಿತು.

"ಬೇಗ ಬನ್ನಿ! ಕಾರು ಸಿಕ್ಕಾಕೊಂಡಿದೆ!"

"ಲೊಕೇಶನ್ ಹೇಳಿ ಸಾರ್."

"ಹೊಳೆ! ಹೊಳೆ ಮಧ್ಯ! ಅರ್ಕಾವತಿ!"

"ಸಾರ್, ನಾನು ಇಲ್ಲೇ ಹುಟ್ಟಿ ಬೆಳೆದವ್ನು. ಅಲ್ಲಿ ನಾವು ಕ್ರಿಕೆಟ್ ಆಡ್ತೀವಿ. ಭಾನುವಾರ ಬೆಳಿಗ್ಗೇನೇ ಶುರು ಹಚ್ಕೊಂಡ್ಬಿಟ್ರಾ?" ಫೋನು ಕಟ್.

ಮತ್ತೆ ಹಚ್ಚಿದ. "ಇದೆ ಕಣ್ರೀ ಹೊಳೆ! ನಾನೇ ನಿಂತು ನೋಡ್ತಿದ್ದೀನಿ! ನೀರು ಹರೀತಿದೆ!"

"ಗುರೂ, ನಾಳೆಯಿಂದ ಅದೇ ನೀರನ್ನ ಗ್ಲಾಸಿಗೆ ಸ್ವಲ್ಪ ಜಾಸ್ತಿ ಹಾಕ್ಕೋ." ಕಟ್.

ಏಜೆಂಟು ನನ್ನ ಕೈ ಹಿಡಿದುಕೊಂಡ. "ಅಂಕಲ್, ನೀವು ಹೇಳಿ. ಊರೋರ ಮಾತಾದ್ರೆ ನಂಬ್ತಾನೆ."

"ಏನಂತ ಹೇಳ್ಲಿ?"

"ಹೊಳೆ ಇದೆ ಅಂತ!"

"ಹೆಂಗ್ ಹೇಳ್ಲಿ ಸ್ವಾಮಿ? ಪಟ್ಟಿಯಲ್ಲೇ ಇಲ್ವಲ್ಲ."

ನೀರು ನಂಬರ್ ಪ್ಲೇಟಿಗೆ ಬಂದಿತ್ತು. ಅವನು ನನ್ನನ್ನು ನೋಡಿದ, ಕಾರನ್ನು ನೋಡಿದ, ಮೊಬೈಲು ತೆಗೆದ. ಒದ್ದೆ ಬೆರಳಿಗೆ ಅಕ್ಷರ ಸಿಗದೆ ಮೂರು ಸಲ ಒತ್ತಿ ಬರೆದು ತೋರಿಸಿದ. 'ಬೆಟ್ಟ, ಹೊಳೆ, ಮಗ್ಗ.' ಸೇವ್ ಮಾಡಿಸಿದೆ. ಜೊತೆಗಿದ್ದ ಹನ್ನೆರಡು ಜನರ ಮೊಬೈಲಿನಲ್ಲೂ ಬಂತಾ ಅಂತ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ಫೋನು ಇಸ್ಕೊಂಡು ಕ್ರೇನಿನವನಿಗೆ ಹಚ್ಚಿದೆ.

"ಏನಪ್ಪಾ, ಸೀರೆ ಅಂಗಡಿಯವನು ಮಾತಾಡ್ತಿರೋದು. ಆತ ಕುಡಿದಿಲ್ಲ. ಹೊಳೆ ಬಂದಿದೆ."

"ನಿಜವಾಗ್ಲೂ ನೀರಾ ಯಜಮಾನ್ರೇ?"

"ನಿಜವಾಗ್ಲೂ."

"ಹಂಗಾದ್ರೆ ಈಗ್ಲೇ ಬಂದೆ."

ಏಜೆಂಟು ಉಸಿರು ಬಿಟ್ಟ.

"ಕ್ರೇನ್ ಆಮೇಲೆ ತರ್ತೀನಿ," ಅಂದ ಕ್ರೇನಿನವನು. "ಮೊದ್ಲು ಹೆಂಡ್ತಿ, ಇಬ್ರು ಮಕ್ಳನ್ನ ಗಾಡೀಲಿ ಕೂರಿಸ್ಕೊಂಡು ಬರ್ತೀನಿ. ಪಾಪ, ಹೊಳೆ ಹೆಂಗಿರುತ್ತೆ ಅಂತ ಅವು ಹುಟ್ಟಿದಾಗಿನಿಂದ ನೋಡಿಲ್ಲ."

"ಬಾರಪ್ಪಾ," ಅಂತ ಫೋನು ಇಟ್ಟೆ. ಏಜೆಂಟಿನ ಕಡೆ ತಿರುಗಿ ಹೇಳಿದೆ. "ಇನ್ನೂ ನಾಲ್ಕು ಜನ ಬರ್ತಿದ್ದಾರೆ ಸ್ವಾಮಿ. ಲಿಸ್ಟಿಗೆ ಸೇರಿಸ್ಕೊಳ್ಳಿ."