ಎರಡು ಮೀಟರ್ ಅಂತರದ ಮೂಲಪುರುಷ

ಎರಡು ಸಾವಿರದ ಇಪ್ಪತ್ತೊಂದರ ಜನವರಿ ಹೊತ್ತಿಗೆ ಐರ್ಲೆಂಡಿನಲ್ಲಿ ರಾಜರ ದಾಸ್ತಾನು ಮುಗಿದಿತ್ತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತ ಜನ ಮೊದಲು ಬ್ರೆಡ್ ಬೇಯಿಸಿದರು. ಆಮೇಲೆ ಗೋಡೆಗೆ ಬಣ್ಣ ಬಳಿದರು. ಅದೂ ಮುಗಿದ ಮೇಲೆ ತಮ್ಮ ಪೂರ್ವಜರು ಯಾರೆಂದು ಹುಡುಕತೊಡಗಿದರು. ಲೆಪರ್ಡ್ಸ್‌ಟೌನಿನ ಒಂದು ಕಂಪನಿ ಅವರಿಗೆ ವಂಶವೃಕ್ಷ ಮಾರುತ್ತಿತ್ತು. ತುದಿಯಲ್ಲಿ ರಾಜನಿರುವ ಮರಕ್ಕೆ ಮೂರು ಪಟ್ಟು ದರ. ರಾಜನಿಲ್ಲದ ಮರವನ್ನು ಯಾರೂ ಕೊಳ್ಳಲಿಲ್ಲ. ಒಬ್ಬ ರಾಜನನ್ನು ಐನೂರು ಗಿರಾಕಿಗಳಿಗಿಂತ ಹೆಚ್ಚು ಜನಕ್ಕೆ ಹಂಚಕೂಡದೆಂಬ ನಿಯಮ ಕಂಪನಿಯಲ್ಲಿತ್ತು. ಗುಣಮಟ್ಟದ ಪ್ರಶ್ನೆ. ಹಾಗಾಗಿ ರಾಜರು ಖಾಲಿಯಾದರು.

ಆಮದು ಮಾಡಿಕೊಳ್ಳಲು ನಿರ್ದೇಶಕ ಮಂಡಳಿ ತೀರ್ಮಾನಿಸಿತು. ಮಿಕ್ಕೆಲ್ಲ ಸಾಮಾನು ಬರುವ ಹಾಗೆ ರಾಜರೂ ಚೀನಾದಿಂದಲೇ ಬರಲಿ ಎಂದಾಯಿತು. ಐರ್ಲೆಂಡಿನ ಕಾರ್ಕ್ ಊರಿನ ಗಿರಾಕಿ ಪ್ರಾಚೀನ ಚೀನಾದ ರಾಜನಿಗೆ ಹೇಗೆ ಹುಟ್ಟಿದ ಎಂಬ ಪ್ರಶ್ನೆಯನ್ನು ಬೇರೆ ವಿಭಾಗಕ್ಕೆ ವಹಿಸಲಾಯಿತು.

ಚೀನಾದ ಝೌ ರಾಜವಂಶ ಕಾತ್ಯಾಯಿನಿಯ ಪಾಲಿಗೆ ಬಂತು. ಕಾತ್ಯಾಯಿನಿ ಮೈಸೂರಿನವಳು. ಐರ್ಲೆಂಡಿನ ಬ್ಯಾಲಿನ್‌ಕೊಲಿಗ್ ಊರಿನ ಬಾಡಿಗೆ ಮನೆಯ ಅಡಿಗೆಮನೆಯಲ್ಲಿ ಕೂತು ಕಂಪನಿಯ ಕೆಲಸ ಮಾಡುತ್ತಿದ್ದಳು. ಅವಳ ವರ್ಕ್ ಪರ್ಮಿಟ್ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಝೌ ವಂಶ ಮಾರಾಟಕ್ಕೆ ಸಿದ್ಧವಾದರೆ ಕಂಪನಿ ನವೀಕರಣದ ಪತ್ರ ಕೊಡುತ್ತದೆ. ಇಲ್ಲವಾದರೆ ಅವಳೂ ಅವಳ ಗಂಡ ತರುಣ್‌ನೂ ದೇಶ ಬಿಡಬೇಕು.

ಅವಳು ಹಳೆಯ ಗ್ರಂಥಗಳ ಅನುವಾದ ತರಿಸಿ ಓದಿದಳು. ಓದಿ, ಮೇಲಧಿಕಾರಿ ಅನಂತಕೃಷ್ಣನಿಗೆ ಫೋನ್ ಮಾಡಿದಳು. ಅವನೂ ಕನ್ನಡದವನೇ, ಬೆಂಗಳೂರಿನವನು.

"ಅನಂತಕೃಷ್ಣ ಅವ್ರೇ, ಝೌ ಮೂಲಪುರುಷನಿಗೆ ಅಪ್ಪ ಇಲ್ಲ."

"ಅಪ್ಪ ಇಲ್ದೆ ಹೇಗ್ರೀ? ಸರಿಯಾಗಿ ನೋಡಿ."

"ನೋಡ್ದೆ. ಅವನಮ್ಮ ಜಿಯಾಂಗ್ ಯುವಾನ್ ಅಂತ. ಹೊಲಕ್ಕೆ ಹೋಗಿದ್ಳು. ಅಲ್ಲೊಂದು ದೈತ್ಯನ ಹೆಜ್ಜೆಗುರುತು ಇತ್ತು. ತುಳಿದ್ಳು. ಬಸುರಿ ಆದ್ಳು."

"ಬೇರೆ ವಂಶ ತಗೊಳ್ಳಿ. ಶಾಂಗ್‌ನೋರು?"

"ಅವ್ರದ್ದು ಕಪ್ಪು ಹಕ್ಕಿ ಮೊಟ್ಟೆ. ಮೂಲಪುರುಷನ ಅಮ್ಮ ಅದನ್ನ ನುಂಗಿ ಬಸುರಿ ಆದ್ಳು."

"ಚಿನ್?"

"ಅವ್ರದ್ದೂ ಮೊಟ್ಟೆನೇ. ಅದೂ ಕಪ್ಪು ಹಕ್ಕಿದೇ."

ಅನಂತಕೃಷ್ಣ ಯೋಚಿಸಿದ. "ಮೊಟ್ಟೆ ಬೇಡ. ಹೋದ ಬೇಸಿಗೇಲಿ ಕೊರೊನಾ ಅಂತ ಒಂಬತ್ತು ಯೂರೋದ ಊಟ ಹಾಕ್ದಿದ್ರೆ ಪಬ್ ತೆಗಿಯೋಕೇ ಬಿಡ್ಲಿಲ್ಲ ಸರ್ಕಾರ. ಒಂದು ಮೊಟ್ಟೇನ ಫಿನೋಲಾ ಊಟ ಅಂತ ಒಪ್ಪಲ್ಲ. ಹೆಜ್ಜೆನೇ ವಾಸಿ."

ಫಿನೋಲಾ ಎಂದರೆ ನಿಯಮಪಾಲನಾ ವಿಭಾಗದ ಮುಖ್ಯಸ್ಥೆ. ಅವಳು ಒಪ್ಪದೆ ಕಂಪನಿಯಲ್ಲಿ ಯಾವ ರಾಜನೂ ಹುಟ್ಟುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಜೂಮಿನಲ್ಲಿ ವಿಚಾರಣೆ ನಡೆಯಿತು. ಫಿನೋಲಾ ಟೋಸ್ಟ್ ತಿನ್ನುತ್ತ ಕೇಳಿದಳು.

"ಆ ಹೊಲ ಅವಳ ಮನೆಯಿಂದ ಎಷ್ಟು ದೂರ?"

"ಗ್ರಂಥದಲ್ಲಿ ಹೊಲ ಅಂತ ಮಾತ್ರ ಇದೆ."

"ಐದು ಕಿಲೋಮೀಟರ್ ಒಳಗೋ, ಹೊರಗೋ? ಲಾಕ್‌ಡೌನಿನಲ್ಲಿ ಐದರಾಚೆ ಹೋಗಲು ತಕ್ಕ ಕಾರಣ ಬೇಕು. ಕಾನೂನು ಮೀರಿ ಹೋದಲ್ಲಿ ಆದ ಬಸುರನ್ನು ನಾವು ಮಾರಲಾಗದು."

"ಮೇಡಂ, ಇದು ಸಾವಿರಾರು ವರ್ಷದ ಹಿಂದಿನ ಮಾತು."

"ಆಗ ಮಾರ್ಗಸೂಚಿ ಇರಲಿಲ್ಲ ಎನ್ನುವುದು ಅವಳ ಅದೃಷ್ಟ. ನನಗೆ ಇದೆ."

ಕಾತ್ಯಾಯಿನಿಗೆ ಪರ್ಮಿಟ್ ಕಣ್ಮುಂದೆ ಬಂತು. ಬುದ್ಧಿ ಓಡಿತು. "ಹುಟ್ಟಿದ ಮಗ ಹೌ ಜಿ. ಮುಂದೆ ರಾಜ್ಯಕ್ಕೇ ಬೇಸಾಯದ ಅಧಿಕಾರಿಯಾದ. ಬೇಸಾಯ ಅಗತ್ಯ ಸೇವೆ. ಅವನಮ್ಮ ಹೋಗಿದ್ದು ಆ ಕೆಲಸದ ಮೇಲೇ ಅಂತ ಇಟ್ಟುಕೊಳ್ಳಬಹುದು."

"ಗ್ರ್ಯಾಂಡ್," ಎಂದು ಒಪ್ಪಿದಳು ಫಿನೋಲಾ. "ಈಗ ಆ ದೈತ್ಯ. ಅವಳು ಹೆಜ್ಜೆ ತುಳಿದಾಗ ಅವನು ಎಷ್ಟು ದೂರದಲ್ಲಿದ್ದ?"

"ಅಲ್ಲಿರಲೇ ಇಲ್ಲ. ಹೊರಟುಹೋಗಿದ್ದ."

"ಎರಡು ಮೀಟರಿಗಿಂತ ಆಚೆ?"

"ದೈತ್ಯ, ಮೇಡಂ. ಒಂದು ಹೆಜ್ಜೆಗೇ ಅಷ್ಟು ದಾಟುತ್ತಾನೆ."

ಫಿನೋಲಾ ಟೋಸ್ಟನ್ನು ತಟ್ಟೆಗಿಟ್ಟಳು.

"ಅಂದರೆ ಗರ್ಭಧಾರಣೆ ಬಯಲಿನಲ್ಲಿ, ಗಾಳಿಯಾಡುವ ಜಾಗದಲ್ಲಿ, ಇನ್ನೊಂದು ಮನೆಯವರನ್ನು ಭೇಟಿಯೇ ಆಗದೆ ನಡೆದಿದೆ?"

"ಹೌದು."

"ಮಾರ್ಗಸೂಚಿಯನ್ನು ಪೂರ್ತಿ ಪಾಲಿಸಿ ಹುಟ್ಟಿದ ಮನುಷ್ಯನನ್ನು ನಾನು ಇದೇ ಮೊದಲು ಕಂಡದ್ದು," ಎಂದಳು ಫಿನೋಲಾ. ಅವಳ ಕಣ್ಣು ಒದ್ದೆಯಾಗಿತ್ತು.

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು.

'ಇನ್ನು ಮುಂದೆ ಸಂಸ್ಥೆಯು ಒದಗಿಸುವ ಎಲ್ಲ ವಂಶಗಳ ಮೂಲಪುರುಷರು ಸಂಪರ್ಕರಹಿತವಾಗಿ ಹುಟ್ಟಿರತಕ್ಕದ್ದು. ತಂದೆಯಿಂದ ಹುಟ್ಟಿರುವವರನ್ನು ಅಪಾಯದ ವರ್ಗಕ್ಕೆ ಸೇರಿಸಲಾಗುವುದು. ಮೊಟ್ಟೆಯಿಂದ ಹುಟ್ಟಿದವರ ಅರ್ಜಿಯನ್ನು, ಮೊಟ್ಟೆ ಬೆಂದಿತ್ತೆಂದು ರುಜುವಾತುಪಡಿಸಿದಲ್ಲಿ ಪರಿಶೀಲಿಸಲಾಗುವುದು. ಈ ನಿಯಮ ನೌಕರರಿಗೂ ಅನ್ವಯಿಸುತ್ತದೆ.'

ಮಾರಿದ್ದ ಐರಿಷ್ ರಾಜರನ್ನೆಲ್ಲ ಕಂಪನಿ ಹಿಂದಕ್ಕೆ ಪಡೆಯಿತು. ಅವರಿಗೆ ಅಪ್ಪಂದಿರಿದ್ದರು. ಗಿರಾಕಿಗಳು ಒಂದು ಮಾತೂ ಆಡದೆ ಹೆಚ್ಚಿನ ದರ ತೆತ್ತು ಹೆಜ್ಜೆಗೆ ಬದಲಾಯಿಸಿಕೊಂಡರು. ಕಾತ್ಯಾಯಿನಿಯ ಪಕ್ಕದ ಮನೆಯ ಮುದುಕಿ ಬಾಗಿಲ ಮೇಲೆ ದೊಡ್ಡದೊಂದು ಪಾದದ ಚಿತ್ರ ತೂಗುಹಾಕಿ, ಬೀದಿಯಲ್ಲಿ ಹೋಗುವವರಿಗೆ ಅಜ್ಜನೆಂದು ಪರಿಚಯಿಸಿದಳು. ಎಲ್ಲರೂ ದೂರದಿಂದಲೇ ವಂದಿಸಿದರು.

ಝೌ ವಂಶ ಮಾರಾಟಕ್ಕೆ ಬಂತು. ಪತ್ರ ಬರಲಿಲ್ಲ. ಕಾತ್ಯಾಯಿನಿ ಮತ್ತೆ ಫೋನ್ ಮಾಡಿದಳು.

"ಎಲ್ಲಾ ಸರಿ ಇದೆ ರೀ," ಎಂದ ಅನಂತಕೃಷ್ಣ. "ಆದ್ರೆ ನಿಮ್ಮ ಫೈಲಲ್ಲಿ ಅಪ್ಪ ಇದಾರೆ."

"ಇರಲ್ವಾ ಮತ್ತೆ?"

"ತೆಗೀಬೇಕು. ಬದುಕಿರೋ ಅಪ್ಪ ಆದ್ರೆ ನೋಟರಿ ಮಾಡ್ಸಿದ ಪ್ರಮಾಣಪತ್ರ ಬೇಕು. ನಾನು ನಮ್ಮಪ್ಪನ್ನ ಸೋಮವಾರವೇ ತೆಗ್ಸಿದೆ. ಅವ್ರು ತೀರ್ಕೊಂಡಿದ್ರು, ಅಡ್ಡಿ ಮಾಡ್ಲಿಲ್ಲ."

ಕಾತ್ಯಾಯಿನಿ ಫೋನ್ ಇಟ್ಟಳು. ಆಗಲ್ಲ ಎಂದು ಗಂಡನಿಗೆ ಹೇಳಿದಳು. ಅವಳ ಅಪ್ಪ ನಂಜುಂಡಪ್ಪ ಹಾಲು ಒಕ್ಕೂಟದ ಗುಮಾಸ್ತರಾಗಿ ನಿವೃತ್ತರಾದವರು. ಮಗಳು ಶಾಲೆಗೆ ಹೋಗುವಾಗ ಸಮವಸ್ತ್ರದ ಜೊತೆಗೆ ರಿಬ್ಬನ್ನಿಗೂ ಇಸ್ತ್ರಿ ಹಾಕಿಕೊಟ್ಟ ಮನುಷ್ಯ.

"ಶುಕ್ರವಾರಕ್ಕೆ ಪರ್ಮಿಟ್ ಮುಗಿಯುತ್ತೆ," ಎಂದ ತರುಣ್. "ಮಾವನಿಗೇನೂ ಬೇಜಾರಾಗಲ್ಲ ಬಿಡು. ನಾನು ಅವ್ರ ಅಳಿಯ ಅಲ್ಲ ಅಂತಾದ್ರೆ ಹೋಳಿಗೆ ಮಾಡಿಸ್ತಾರೆ."

"ನೀನು ಬಾಯಿ ಮುಚ್ಕೊಂಡು ಪಾತ್ರೆ ತೊಳಿ."

ಅವನು ಪಾತ್ರೆ ತೊಳೆದ. ಅವಳು ಎದುರಿಗೆ ಕೂತು ಸೂಟ್‌ಕೇಸುಗಳ ಕಡೆ ನೋಡಿದಳು. ಆಮೇಲೆ ಮೈಸೂರಿಗೆ ಫೋನ್ ಹಚ್ಚಿದಳು.

"ಅಪ್ಪಾ, ಆಫೀಸಲ್ಲಿ ಒಂದು ತೊಂದ್ರೆ ಆಗಿದೆ. ನೀವು ನನ್ನ ಅಪ್ಪ ಅಲ್ಲ ಅಂತ ಬರ್ಕೊಡ್ಬೇಕಂತೆ."

"ಯಾರಂತೆ ಮತ್ತೆ?"

"ಒಂದು ಹೆಜ್ಜೆಗುರುತು."

ಸರಸ್ವತಿಪುರಂ ಮನೆಯಲ್ಲಿ ನಂಜುಂಡಪ್ಪ ಬರೆದುಕೊಳ್ಳಲು ಪೆನ್ನು ತೆಗೆದರು.

"ಎಡಗಾಲೋ ಬಲಗಾಲೋ?"

"ಅದನ್ನ ಕೇಳಿಲ್ಲ ಅಪ್ಪ."

"ಕೇಳ್ತಾರೆ. ಆಫೀಸು ಅಂದ್ಮೇಲೆ ಕೇಳೇ ಕೇಳ್ತಾರೆ. ಬಲಗಾಲು ಅಂತ ಹಾಕ್ಬಿಡು."

ಹಿಂದಿನಿಂದ ಅಮ್ಮ ಚಂದ್ರಾವತಿಯ ದನಿ ಬಂತು. "ನಾನು ಯಾವ ಹೊಲಕ್ಕೂ ಹೋಗ್ಲಿಲ್ಲ, ಯಾವನ ಹೆಜ್ಜೇನೂ ತುಳೀಲಿಲ್ಲ ಅಂತ ಹೇಳ್ರೀ ಅವ್ಳಿಗೆ!"

"ಸುಮ್ನಿರೇ. ಪರ್ಮಿಟ್ ವಿಷ್ಯ," ಎಂದರು ನಂಜುಂಡಪ್ಪ. ಮಗಳನ್ನು ಕೇಳಿದರು, "ಆಮೇಲೆ ನಾನು ನಿಂಗೆ ಏನಾಗ್ಬೇಕು?"

"ಸಾಕಿದವರು ಅಂತ ಹಾಕ್ಬಹುದಂತೆ."

ನಂಜುಂಡಪ್ಪ ಅದನ್ನೂ ಬರೆದುಕೊಂಡರು.

"ಸಾಕಿದ್ದಂತೂ ನಾನೇ. ಅದ್ರಲ್ಲಿ ಸುಳ್ಳಿಲ್ಲ. ಹಾಕು."

ಕಾತ್ಯಾಯಿನಿ ಏನೋ ಹೇಳಹೊರಟಳು. ಅಷ್ಟರಲ್ಲಿ ಅತ್ತ ಕಡೆ ಅವರು ಫೋನ್ ಇಟ್ಟಾಗಿತ್ತು. ಶರ್ಟಿಗೆ ಇಸ್ತ್ರಿ ಮಾಡಿಕೊಳ್ಳಲು ಹೋಗಿದ್ದರು. ನೋಟರಿ ಮುಂದೆ ಹೋಗುವಾಗ ಚೊಕ್ಕಟವಾಗಿರಬೇಕೆಂಬುದು ಅವರ ಪದ್ಧತಿ.

ಕೋರ್ಟಿನ ಎದುರಿಗೆ ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು ಕೂತಿದ್ದ ನೋಟರಿ, ನಂಜುಂಡಪ್ಪನವರ ಪ್ರಮಾಣಪತ್ರವನ್ನು ಪೂರ್ತಿ ಓದಿದ. ಸದರಿ ಕಾತ್ಯಾಯಿನಿಯ ಜನನದಲ್ಲಿ ತನ್ನ ಪಾತ್ರವೇನೂ ಇಲ್ಲವೆಂದೂ, ಸಾಕಣೆ ಮಾತ್ರ ತನ್ನದೆಂದೂ, ಸ್ವಇಚ್ಛೆಯಿಂದ ಬರೆದುಕೊಟ್ಟಿರುವುದಾಗಿಯೂ ಅದರಲ್ಲಿತ್ತು. ನೋಟರಿ ಸ್ಟಾಂಪ್ ಅಂಟಿಸಿ, ಮೊಹರು ಒತ್ತಿ, ಸಹಿ ಹಾಕಿದ.

"ಯಾವ ದೇಶ ಸಾರ್?"

"ಐರ್ಲೆಂಡು."

"ನನ್ನ ಮಗನೂ ಅಲ್ಲೇ ಇರೋದು," ಎಂದ ನೋಟರಿ. "ಇದ್ರದ್ದು ಒಂದು ಜೆರಾಕ್ಸ್ ಕೊಟ್ಟು ಹೋಗಿ."