ಒಂದೇ ಕೆನ್ನೆಯ ಬೀದಿ

ತಪ್ಪೆಲ್ಲ ಚರಂಡಿಯದು ಎಂದು ಲ್ಯಾಬ್ ಸಹಾಯಕ ಇವತ್ತಿಗೂ ವಾದಿಸುತ್ತಾನೆ.

ತಂದೆಯಿಂದ ಮಗನಿಗಷ್ಟೇ ಇಳಿದುಬರುವ ಡಿಎನ್‌ಎ ಗುರುತನ್ನು ಹಿಡಿದು, ಸಾವಿರಾರು ವರ್ಷಗಳ ಹಿಂದೆ ಯಾರ ಪೂರ್ವಜರು ಎಲ್ಲಿಂದ ನಡೆದು ಬಂದರೆಂದು ಪತ್ತೆ ಹಚ್ಚುವುದು ಅವನ ಮೇಡಂ ಕೆಲಸ. ತನ್ನ ಬೀದಿಯ ಗಂಡಸರ ಕೆನ್ನೆಯೊಳಗೆ ಹತ್ತಿಯ ಕಡ್ಡಿ ಉಜ್ಜಿ ತರುವುದು ಇವನ ಕೆಲಸ. ಕಾಡಿ ಬೇಡಿ ಎಲ್ಲರ ಬಾಯಿ ತೆಗೆಸಿ ಹೊರಟರೆ, ಕಾಲು ಜಾರಿ ಚೀಲ ಚರಂಡಿಯ ಪಾಲಾಯಿತು. ಅಂಗಿಯ ಜೇಬಿನಲ್ಲಿದ್ದ ಅಪ್ಪನ ಕಡ್ಡಿಯೊಂದು ಉಳಿಯಿತು. ಮತ್ತೆ ಕಾಡಿ ಬೇಡುವವರು ಯಾರು? ಹೊಸ ಕಡ್ಡಿಗಳಿಗೆ ಉಳಿದವರ ಹೆಸರು ಬರೆದು, ಎಲ್ಲವನ್ನೂ ತನ್ನ ಕೆನ್ನೆಗೇ ಉಜ್ಜಿ, ಕೊಟ್ಟು ಕೈತೊಳೆದುಕೊಂಡ.

ಫಲಿತಾಂಶ ಹಿಡಿದು ಮೇಡಂ ಬೀದಿಗೇ ಬರುತ್ತಾರೆಂದು ಅವನಿಗೇನು ಗೊತ್ತು!

"ಅದ್ಭುತ! ಒಬ್ಬರನ್ನ ಬಿಟ್ಟು ನೀವೆಲ್ಲ ಒಬ್ಬನೇ ಗಂಡಸಿನ ಸಂತಾನ. ಅದೂ ತೀರಾ ಹತ್ತಿರದವನು, ಅಜ್ಜನೋ ಮುತ್ತಜ್ಜನೋ!"

ದಿನಸಿ ಅಂಗಡಿಯವನು ದರ್ಜಿಯ ಮೂಗು ನೋಡಿದ. ದರ್ಜಿ ಅಂಗಡಿಯವನ ಕಿವಿ ನೋಡಿದ.

"ನಿಮ್ಮಜ್ಜ ಸಾಮಾನು ತಲುಪಿಸೋಕೆ ದಿನಾ ನಮ್ಮನೆಗೆ ಬರ್ತಿದ್ರಲ್ಲ?" ಎಂದ ದರ್ಜಿ.

"ನಿಮ್ಮಜ್ಜ ಅಳತೆ ತಗೊಳ್ಳೋಕೆ ನಮ್ಮನೆಗೆ ಬರ್ತಿರ್ಲಿಲ್ವಾ?"

ಅಂಗಡಿಯವನ ಕೈ ದರ್ಜಿಯ ಕೊರಳಪಟ್ಟಿಗೆ ಹೋಯಿತು. ಸುಮ್ಮನಿದ್ದರೆ ತಲೆ ಒಡೆಯುತ್ತವೆ, ಹೇಳಿದರೆ ಕೆಲಸ ಹೋಗುತ್ತದೆ. ಸಹಾಯಕನಿಗೆ ತಡೆಯಲಾಗಲಿಲ್ಲ.

"ಮೇಡಂ, ಅವೆಲ್ಲ ನನ್ನ ಕೆನ್ನೆಯವು!"

ಬೀದಿಗೆ ಬೀದಿಯೇ ಉಸಿರು ಬಿಟ್ಟಿತು. ಅಂಗಡಿಯವನು ದರ್ಜಿಯ ಕೊರಳಪಟ್ಟಿಯನ್ನು ತಾನೇ ಸರಿಮಾಡಿದ. ಮೇಡಂ ಮಾತ್ರ ಹುಬ್ಬು ಗಂಟಿಕ್ಕಿದರು.

"ಎಲ್ಲವೂ?"

"ಅಪ್ಪನದೊಂದು ಬಿಟ್ಟು. ಅವರೇ ಒಳಗೆ ಹೋಗಿ ಉಜ್ಜಿ ತಂದ್ಕೊಟ್ರು."

"ಅದೊಂದೇ ರೀ ಹೊಂದದೇ ಇರೋದು!"

ಸಹಾಯಕನ ಕಾಲ ಕೆಳಗಿನ ನೆಲ ಕುಸಿಯಿತು. ಬೀದಿಯ ಕಣ್ಣೆಲ್ಲ ಬಾಗಿಲಲ್ಲಿ ನಿಂತಿದ್ದ ಅವನ ಅಮ್ಮನ ಮೇಲೆ. ಅಮ್ಮನ ಕಣ್ಣು ಅಪ್ಪನ ಮೇಲೆ.

"ಏನ್ರೀ, ಬಾಯಿ ಬಿಡ್ತೀರೋ ಇಲ್ವೋ?"

ಅಪ್ಪ ಕೆಮ್ಮಿದರು. "ಹಲ್ಲಿನ ಸೆಟ್ ತೆಗೀಬೇಕಲ್ಲಾ ಅಂತ ಬೇಜಾರಾಯ್ತು ಕಣೇ. ನಲ್ಲಿ ರಿಪೇರಿಗೆ ಪ್ಲಂಬರ್ ಬಂದಿದ್ದ. ಅವನ ಬಾಯಿಗೇ ಕಡ್ಡಿ ಹಾಕ್ಸಿದೆ."

ಸಹಾಯಕ ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡ. ಹೋದ ಜೀವ ಬಂದಂತಾಗಿ ಕಣ್ಣಲ್ಲಿ ನೀರೇ ಬಂತು.

ಮೇಡಂಗೆ ಕೋಪ ಮಾಡಿಕೊಳ್ಳಬೇಕೆಂದರೂ ನಗು ತಡೆಯಲಾಗಲಿಲ್ಲ. "ನೀವು ಅಪ್ಪ ಮಗ ಅನ್ನೋಕೆ ಇನ್ನು ಪರೀಕ್ಷೆ ಬೇಕಿಲ್ಲ! ಕೆಲಸ ಉಳೀಬೇಕಾದ್ರೆ ನಾಳೆ ಈ ಬೀದಿ, ಅಕ್ಕಪಕ್ಕದ ಬೀದಿ, ಎಲ್ಲರ ಕೆನ್ನೆ ಉಜ್ಕೊಂಡು ಬನ್ನಿ."

ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ಮಗನ ಕಿವಿಯ ಹತ್ತಿರ ಬಂದರು.

"ಅಷ್ಟೊಂದು ಜನರ ಬಾಯಿ ಯಾಕೋ ತೆಗೆಸ್ತೀಯಾ? ಆ ಪ್ಲಂಬರ್ ಫೋನ್ ನಂಬರ್ ನನ್ನ ಹತ್ರ ಇದೆ."